ಹಾಕಿದ್ದು ಎಂಟು, ಕಾಣೋದು ಮೂರು: ಹಳೇ ಕಂಪ್ಯೂಟರಿನಲ್ಲಿ ಕಾಣೆಯಾದ ರ‍್ಯಾಮ್ ಹುಡುಕೋದು ಹೇಗೆ?

‘ಹಾಕಿರುವ ಮೆಮೊರಿ 8.00 ಜಿಬಿ. ಅದರಲ್ಲಿ ಬಳಸಬಹುದಾದದ್ದು 3.24 ಜಿಬಿ.’

ಹಳೇ ಕಂಪ್ಯೂಟರಿಗೆ ದುಡ್ಡು ಕೊಟ್ಟು ರ‍್ಯಾಮ್ ಹಾಕಿಸಿದ ಎಷ್ಟೋ ಜನ ಈ ಸಾಲನ್ನು ನೋಡಿ ತಲೆ ಕೆರೆದುಕೊಂಡಿರ್ತಾರೆ. ಹಾಗಾದರೆ ಉಳಿದ ನಾಲ್ಕೂಮುಕ್ಕಾಲು ಜಿಬಿ ಎಲ್ಲಿ ಹೋಯ್ತು? ಅಂಗಡಿಯವನು ಮೋಸ ಮಾಡಿದನಾ? ರ‍್ಯಾಮ್ ಕೆಟ್ಟಿದೆಯಾ? ಕಂಪ್ಯೂಟರಿಗೇ ವಯಸ್ಸಾಯ್ತಾ? ಬಹಳ ಸಲ ಈ ಮೂರೂ ಅಲ್ಲ. ರ‍್ಯಾಮ್ ಅಲ್ಲೇ ಇರುತ್ತೆ, ಸರಿಯಾಗೇ ಇರುತ್ತೆ. ಅದನ್ನು ಎಣಿಸೋ ಲೆಕ್ಕದ ಪುಸ್ತಕದಲ್ಲಿ ಹಾಳೆ ಸಾಲದೆ ಹೋಗಿರುತ್ತೆ.

ಚಿಕ್ಕೋಡಿ ತಾಲ್ಲೂಕಿನ ನಮ್ಮ ಕಬ್ಬೂರಿನಲ್ಲಿ ಅಕ್ಕ ಮನೆಯ ಮುಂದಿನ ಕೋಣೆಯಲ್ಲೇ ಒಂದು ಸಣ್ಣ ಅಂಗಡಿ ನಡೆಸ್ತಾಳೆ. ಸ್ಕಾಲರ್‌ಶಿಪ್ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಪಹಣಿ ಪ್ರಿಂಟು, ಬಯೋಡೇಟಾ ಟೈಪಿಂಗು ಅವಳ ಕೆಲಸ. ಕಂಪ್ಯೂಟರು ಕೋರ್ 2 ಡುಯೊ ಕಾಲದ್ದು. ಅರ್ಜಿ ತುಂಬುವ ಕೊನೆ ದಿನಾಂಕ ಹತ್ತಿರ ಬಂದಾಗ ಬಾಗಿಲ ಹೊರಗೆ ಹುಡುಗರು ಸಾಲು ನಿಂತಿರ್ತಾರೆ, ಒಳಗೆ ಬ್ರೌಸರ್ ನಾಲ್ಕನೇ ಟ್ಯಾಬಿಗೇ ಕೈ ಎತ್ತುತ್ತೆ.

‘ತಮ್ಮಾ, ಅರ್ಧಾ ಫಾರ್ಮ್ ತುಂಬೂದ್ರಾಗ ಎಲ್ಲಾ ಗಪ್ ಆಗತೈತಿ ನೋಡು. ಎಂಟ ಜಿಬಿ ಹಾಕ್ಸೀನಿ, ಅದು ನೋಡಿದ್ರ ಮೂರ ಅಂತೈತಿ. ರಿಪೇರಿಯಾಂವ ಹೊಸಾದ ತಗೋರಿ ಅಂತಾನ. ಹೊಸಾದ ತಗೊಳ್ಳಾಕ ರೊಕ್ಕ ಎಲ್ಲೈತಿ?’

ಹೊಸ ಕಂಪ್ಯೂಟರ್ ಅಂದರೆ ಅಂಗಡಿಯ ಎಷ್ಟೋ ತಿಂಗಳ ಉಳಿತಾಯ. ಅದನ್ನು ಖರ್ಚು ಮಾಡುವ ಮೊದಲು, ಈಗಾಗಲೇ ದುಡ್ಡು ಕೊಟ್ಟು ಹಾಕಿಸಿದ ರ‍್ಯಾಮ್ ಯಾಕೆ ಕೆಲಸಕ್ಕೆ ಬರ್ತಿಲ್ಲ ಅಂತ ತಿಳಿದುಕೊಳ್ಳೋದು ನ್ಯಾಯ.

ನಾಲ್ಕಂಕಿಯ ಮನೆ ನಂಬರು

ಒಂದು ಊರಲ್ಲಿ ಮನೆಗಳಿಗೆ ನಾಲ್ಕೇ ಅಂಕಿಯ ನಂಬರ್ ಪ್ಲೇಟ್ ಹಾಕಬೇಕು ಅನ್ನೋ ನಿಯಮ ಇದೆ ಅಂದುಕೊಳ್ಳಿ. 0000ದಿಂದ 9999ರವರೆಗೆ ಒಟ್ಟು ಹತ್ತು ಸಾವಿರ ನಂಬರು. ಊರಲ್ಲಿ ಇಪ್ಪತ್ತು ಸಾವಿರ ಮನೆ ಕಟ್ಟಿದರೂ ಹತ್ತು ಸಾವಿರಕ್ಕಿಂತ ಹೆಚ್ಚು ಮನೆಗೆ ನಂಬರ್ ಸಿಗಲ್ಲ. ನಂಬರ್ ಇಲ್ಲದ ಮನೆಗೆ ಪೋಸ್ಟ್‌ಮನ್ ಹೋಗಲ್ಲ. ಅವನ ಲೆಕ್ಕದಲ್ಲಿ ಆ ಮನೆ ಇಲ್ಲವೇ ಇಲ್ಲ.

ಕಂಪ್ಯೂಟರಿನಲ್ಲೂ ಹಾಗೇ. ಮೆಮೊರಿಯ ಪ್ರತಿ ಬೈಟಿಗೂ ಒಂದು ವಿಳಾಸ ಬೇಕು. 32 ಬಿಟ್ ವ್ಯವಸ್ಥೆಯಲ್ಲಿ ಆ ವಿಳಾಸ ಸೊನ್ನೆ-ಒಂದುಗಳ 32 ಮನೆಯ ಸಂಖ್ಯೆ. ಎರಡನ್ನು 32 ಸಲ ಗುಣಿಸಿದರೆ 4,29,49,67,296 ಬರುತ್ತೆ. ಅದೇ 4 ಜಿಬಿ. ಅಲ್ಲಿಗೆ ನಂಬರು ಮುಗೀತು.

ಸರಿ, 4 ಜಿಬಿ ಆದರೂ ಪೂರ್ತಿ ಸಿಗಬೇಕಲ್ಲ, 3.24 ಯಾಕೆ? ಊರಲ್ಲಿ ಮನೆ ಅಷ್ಟೇ ಇರಲ್ಲ. ಗುಡಿ, ಶಾಲೆ, ನೀರಿನ ಟ್ಯಾಂಕು, ಸಮುದಾಯ ಭವನ ಎಲ್ಲಕ್ಕೂ ಅದೇ ಹತ್ತು ಸಾವಿರದಲ್ಲೇ ನಂಬರ್ ಕೊಡಬೇಕು. ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್, ನೆಟ್‌ವರ್ಕ್, ಸೌಂಡ್, ಬಯೋಸ್ ಚಿಪ್ ಇವೆಲ್ಲದರ ಜೊತೆ ಪ್ರೊಸೆಸರ್ ಮಾತಾಡೋದು ಇದೇ ವಿಳಾಸಗಳ ಮೂಲಕ. 4 ಜಿಬಿಯ ಮೇಲ್ತುದಿಯಲ್ಲಿ ಇವುಗಳಿಗೆ ಜಾಗ ಕಾದಿರಿಸಿರ್ತಾರೆ. ಆ ವಿಳಾಸಗಳು ರ‍್ಯಾಮ್‌ಗೆ ಸಿಗಲ್ಲ. ಹಾಗಾಗಿ ಯಂತ್ರದಿಂದ ಯಂತ್ರಕ್ಕೆ 2.9, 3.2, 3.5 ಹೀಗೆ ಲೆಕ್ಕ ಬದಲಾಗುತ್ತೆ. ಅಕ್ಕನ ಕಂಪ್ಯೂಟರಲ್ಲಿ ಆಗಿದ್ದೂ ಇದೇ: ಎಂಟು ಜಿಬಿ ರ‍್ಯಾಮು, ಅದರ ಮೇಲೆ 32 ಬಿಟ್ ವಿಂಡೋಸ್.

ಇದು ಹೊಸ ಕಥೆ ಅಲ್ಲ

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ವಿಳಾಸಕ್ಕೆ 20 ಬಿಟ್. ಅಂದರೆ ಒಟ್ಟು 1 ಎಂಬಿ. ಅದರಲ್ಲಿ ಮೇಲಿನ 384 ಕೆಬಿಯನ್ನು ಪರದೆ, ರಾಮ್ ಚಿಪ್ ಮುಂತಾದವಕ್ಕೆ ಕಾದಿರಿಸಿ, ಪ್ರೋಗ್ರಾಂಗಳಿಗೆ 640 ಕೆಬಿ ಬಿಟ್ಟರು. ಮುಂದೆ ಯಂತ್ರಗಳಲ್ಲಿ ಹೆಚ್ಚು ಮೆಮೊರಿ ಬಂದರೂ ಡಾಸ್‌ಗೆ ಅದು ನೇರವಾಗಿ ಕಾಣ್ತಿರಲಿಲ್ಲ. ಹೈಮೆಮ್, ಇಎಂಎಂ386 ಅಂತ ಡ್ರೈವರ್ ಹಾಕಿ ಕಿತ್ತಾಡಿದವರು ಈಗ ನಿವೃತ್ತಿಯ ಹತ್ತಿರ ಇರಬಹುದು.

ವಿಂಡೋಸ್ 98ರದು ಇನ್ನೊಂದು ಪೇಚು. 512 ಎಂಬಿಗಿಂತ ಹೆಚ್ಚು ರ‍್ಯಾಮ್ ಹಾಕಿದರೆ ‘ಮೆಮೊರಿ ಸಾಲುತ್ತಿಲ್ಲ’ ಅಂತ ದೂರು ಹೇಳ್ತಿತ್ತು! ಡಿಸ್ಕಿನ ಕ್ಯಾಶ್ ವಿಪರೀತ ವಿಳಾಸ ನುಂಗಿಬಿಡ್ತಿತ್ತು. ಸಿಸ್ಟಂ ಫೈಲಿನಲ್ಲಿ ಒಂದು ಸಾಲು ಸೇರಿಸಿ ಕ್ಯಾಶ್‌ಗೆ ಮಿತಿ ಹಾಕಿದ ಮೇಲೆ ಸರಿಹೋಗ್ತಿತ್ತು.

ಇಂಟೆಲ್ 1995ರ ಪೆಂಟಿಯಂ ಪ್ರೊದಲ್ಲೇ ಪಿಎಇ ಅನ್ನೋ ದಾರಿ ಕೊಟ್ಟಿತ್ತು. ಅದು 36 ಬಿಟ್ ವಿಳಾಸ, 64 ಜಿಬಿವರೆಗೆ. 32 ಬಿಟ್ ವಿಂಡೋಸ್‌ನ ಕೆಲವು ಸರ್ವರ್ ಆವೃತ್ತಿಗಳು ಇದನ್ನು ಬಳಸಿ 4 ಜಿಬಿ ದಾಟ್ತಿದ್ದವು. ಆದರೆ ಮನೆ-ಕಚೇರಿಯ ಕಂಪ್ಯೂಟರುಗಳ ಎಷ್ಟೋ ಡ್ರೈವರ್‌ಗಳು 4 ಜಿಬಿಯಾಚೆಯ ವಿಳಾಸ ಕಂಡರೆ ಗೊಂದಲಕ್ಕೆ ಬಿದ್ದು ಯಂತ್ರವನ್ನೇ ಕೆಡವುತ್ತಿದ್ದವು. ಆದ್ದರಿಂದ ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2ರಿಂದ ಮೈಕ್ರೋಸಾಫ್ಟ್ ಮನೆಬಳಕೆಯ ಆವೃತ್ತಿಗಳಿಗೆ 4 ಜಿಬಿಯ ಬೇಲಿ ಹಾಕಿತು. 32 ಬಿಟ್ ವಿಂಡೋಸ್ 7ರಲ್ಲೂ 10ರಲ್ಲೂ ಅದೇ ಬೇಲಿ.

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ. ಕೆಲವು ಕಂಪನಿಗಳದ್ದು ಎಫ್10 ಅಥವಾ ಎಫ್1. ಮೊದಲ ಪುಟದಲ್ಲೇ ಒಟ್ಟು ಮೆಮೊರಿ ಬರೆದಿರುತ್ತೆ.

ಬಯೋಸ್‌ಗೂ ಪೂರ್ತಿ ಕಾಣ್ತಿಲ್ಲ ಅಂದರೆ ತಕರಾರು ಯಂತ್ರದ್ದು. ಬಯೋಸ್‌ಗೆ ಪೂರ್ತಿ ಕಂಡು ವಿಂಡೋಸ್‌ಗೆ ಕಡಿಮೆ ಕಂಡರೆ ತಕರಾರು ವ್ಯವಸ್ಥೆಯದ್ದು ಅಥವಾ ಸೆಟ್ಟಿಂಗಿನದ್ದು. ಈ ಒಂದು ನೋಟಕ್ಕೆ ಎರಡು ನಿಮಿಷ ಸಾಕು. ಅರ್ಧ ದಿನದ ಓಡಾಟ ಉಳಿಯುತ್ತೆ.

ಬಯೋಸ್‌ಗೇ ಕಾಣದಿದ್ದರೆ

ಮೊದಲು ವಿದ್ಯುತ್ ಕೇಬಲ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟು ಖಾಲಿ ಮಾಡಿ. ರ‍್ಯಾಮ್ ಪಟ್ಟಿಗಳನ್ನು ತೆಗೆದು, ಅವುಗಳ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ‘ಟಕ್’ ಅನ್ನೋವರೆಗೆ ಮತ್ತೆ ಕೂರಿಸಿ. ಧೂಳು ಬೀಳೋ ರಸ್ತೆ ಬದಿ ಅಂಗಡಿಗಳ ಕಂಪ್ಯೂಟರುಗಳಲ್ಲಿ ಇಷ್ಟರಿಂದಲೇ ಸರಿಯಾಗಿದ್ದನ್ನು ನಾನು ಎಷ್ಟೋ ಸಲ ನೋಡಿದೀನಿ.

ಆಗಲಿಲ್ಲವಾ? ಒಂದೊಂದೇ ಪಟ್ಟಿಯನ್ನು ಒಂದೊಂದೇ ಸ್ಲಾಟಿನಲ್ಲಿ ಹಾಕಿ ನೋಡಿ. ಕೆಟ್ಟಿರೋದು ಪಟ್ಟಿಯೋ ಸ್ಲಾಟೋ ಅಂತ ಗೊತ್ತಾಗುತ್ತೆ. ಮೆಮ್‌ಟೆಸ್ಟ್86+ ಅನ್ನೋ ಉಚಿತ ಪ್ರೋಗ್ರಾಂ ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿದರೆ ರ‍್ಯಾಮಿನ ಆರೋಗ್ಯವೂ ತಿಳಿಯುತ್ತೆ.

ಮುಂದಿನದು ಮದರ್‌ಬೋರ್ಡಿನ ಮಿತಿ. ಇಂಟೆಲ್ ಜಿ31 ಚಿಪ್‌ಸೆಟ್ ಇದ್ದರೆ 4 ಜಿಬಿಗೆ ಮುಗೀತು. ಜಿ41 ಇದ್ದರೆ 8 ಜಿಬಿವರೆಗೆ ಹೋಗುತ್ತೆ. ಹಳೇ ಲ್ಯಾಪ್‌ಟಾಪುಗಳ 945 ಸರಣಿಯಲ್ಲಿ 4 ಜಿಬಿ ಹಾಕಬಹುದು, ಆದರೆ ಸಾಧನಗಳ ವಿಳಾಸದಡಿ ಮುಚ್ಚಿಹೋದ ಭಾಗವನ್ನು ಮೇಲಕ್ಕೆ ಎತ್ತಿಡೋ ವ್ಯವಸ್ಥೆಯೇ ಅದರಲ್ಲಿಲ್ಲ. ಅಲ್ಲಿ ಯಾವ ವಿಂಡೋಸ್ ಹಾಕಿದರೂ, ಯಾವ ಲಿನಕ್ಸ್ ಹಾಕಿದರೂ ಸಿಗೋದು ಮೂರು-ಮೂರೂಕಾಲೇ. ಅದಕ್ಕೆ ದುಡ್ಡು ಸುರೀಬೇಡಿ.

ಜಿ41 ಬೋರ್ಡಿನವರಿಗೆ ಒಂದು ಕಿವಿಮಾತು. 4 ಜಿಬಿ ಡಿಡಿಆರ್3 ಪಟ್ಟಿ ತಗೊಳ್ಳುವಾಗ ಎರಡೂ ಬದಿಗೆ ಎಂಟೆಂಟು, ಒಟ್ಟು 16 ಚಿಪ್ ಇರೋದನ್ನೇ ಕೇಳಿ. ಒಂದೇ ಬದಿಗೆ ಎಂಟು ದೊಡ್ಡ ಚಿಪ್ ಇರೋ ಹೊಸ ಪಟ್ಟಿಗಳನ್ನು ಈ ಚಿಪ್‌ಸೆಟ್ ಸರಿಯಾಗಿ ಓದಲ್ಲ. ಚಿಕ್ಕೋಡಿಗೋ ನಿಪ್ಪಾಣಿಗೋ ಹೋಗಿ ಸೆಕೆಂಡ್ ಹ್ಯಾಂಡ್ ರ‍್ಯಾಮ್ ತರೋರು ಅಂಗಡಿಯಲ್ಲೇ ತಿರುಗಿಸಿ ಎಣಿಸಿ. ಅಕ್ಕನ ಬೋರ್ಡು ಜಿ41, ಪಟ್ಟಿಗಳು 16 ಚಿಪ್ಪಿನವು. ಹಾಗಾಗಿ ಬಯೋಸ್ ಎಂಟನ್ನೂ ಸರಿಯಾಗಿ ತೋರಿಸ್ತಿತ್ತು.

ಬಯೋಸ್‌ಗೆ ಕಂಡು ವಿಂಡೋಸ್‌ಗೆ ಕಾಣದಿದ್ದರೆ

ಇಲ್ಲಿ ನಾಲ್ಕು ಕಡೆ ನೋಡಬೇಕು.

ಒಂದು: ಬಯೋಸ್‌ನಲ್ಲಿ ‘ಮೆಮೊರಿ ರೀಮ್ಯಾಪ್’ ಅನ್ನೋ ಆಯ್ಕೆ ಇದ್ದರೆ ಆನ್ ಮಾಡಿ. ಸಾಧನಗಳ ವಿಳಾಸದಡಿ ಸಿಕ್ಕಿಬಿದ್ದ ರ‍್ಯಾಮ್‌ಗೆ 4 ಜಿಬಿಯ ಆಚೆ ಹೊಸ ನಂಬರ್ ಕೊಡೋ ಕೆಲಸ ಇದರದ್ದು. ಇದು ಫಲ ಕೊಡಬೇಕಾದರೆ 4 ಜಿಬಿಯ ಆಚೆ ಓದಬಲ್ಲ ವ್ಯವಸ್ಥೆ ಬೇಕು.

ಎರಡು: ವಿಂಡೋಸ್ ಮತ್ತು ಆರ್ ಒಟ್ಟಿಗೆ ಒತ್ತಿ ‘ಎಂಎಸ್‌ಕಾನ್ಫಿಗ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಬೂಟ್ ಟ್ಯಾಬಿನ ಅಡ್ವಾನ್ಸ್‌ಡ್ ಆಪ್ಶನ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ಗೆ ಟಿಕ್ ಇದ್ದರೆ ತೆಗೆಯಿರಿ. ‘ಮ್ಯಾಕ್ಸಿಮಮ್’ ಅಂತ ಹೆಸರಿದೆ ಅಂತ ಟಿಕ್ ಹಾಕಿದರೆ ಮೆಮೊರಿ ಹೆಚ್ಚಾಗುತ್ತೆ ಅನ್ನೋ ನಂಬಿಕೆ ಓಡಾಡ್ತಿದೆ. ನಿಜ ಉಲ್ಟಾ: ಅದು ‘ಇಷ್ಟಕ್ಕಿಂತ ಹೆಚ್ಚು ಬಳಸಬೇಡ’ ಅನ್ನೋ ಕಟ್ಟು.

ಮೂರು: ವಿಂಡೋಸ್‌ನ ಆವೃತ್ತಿ. ವಿಂಡೋಸ್ 7 ಸ್ಟಾರ್ಟರ್‌ಗೆ 2 ಜಿಬಿ ಮಿತಿ. 64 ಬಿಟ್ ಹೋಂ ಬೇಸಿಕ್‌ಗೆ 8 ಜಿಬಿ, ಹೋಂ ಪ್ರೀಮಿಯಂಗೆ 16 ಜಿಬಿ. ಇಲ್ಲಿ ವಿಳಾಸದ ತೊಂದರೆ ಇಲ್ಲ, ಇದು ಕಂಪನಿ ಹಾಕಿದ ಬೇಲಿ.

ನಾಲ್ಕು: ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅಲ್ಲಿ ಅಬೌಟ್. ‘32 ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಪ್ರೊಸೆಸರ್’ ಅಂತ ಇದ್ದರೆ ಖುಷಿಪಡಿ. ಪ್ರೊಸೆಸರಿಗೆ ಶಕ್ತಿ ಇದೆ, ಮೇಲೆ ಕೂತ ವ್ಯವಸ್ಥೆ ಮಾತ್ರ ಚಿಕ್ಕದು. ಅಕ್ಕನ ಪರದೆ ಮೇಲೆ ಇದ್ದದ್ದು ಇದೇ ಸಾಲು. ಹೆಸರಿನಲ್ಲೊಂದು ಸೂಕ್ಷ್ಮ ಇದೆ: 2006ರ ಲ್ಯಾಪ್‌ಟಾಪುಗಳ ‘ಕೋರ್ ಡುಯೊ’ ಬರೀ 32 ಬಿಟ್. ‘ಕೋರ್ 2 ಡುಯೊ’ ಆದರೆ 64 ಬಿಟ್. ನಡುವಿನ ಆ ಎರಡೇ ದೊಡ್ಡ ವ್ಯತ್ಯಾಸ.

64 ಬಿಟ್‌ಗೆ ಹೋಗೋ ಮುನ್ನ

32 ಬಿಟ್‌ನಿಂದ 64ಕ್ಕೆ ಬಟನ್ ಒತ್ತಿ ಏರೋಕೆ ಆಗಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಅಂದರೆ ಸಿ ಡ್ರೈವ್ ಖಾಲಿ. ಡೆಸ್ಕ್‌ಟಾಪಿನ ಮೇಲಿನ ಫೋಲ್ಡರು, ಗಿರಾಕಿಗಳ ಸ್ಕ್ಯಾನ್ ಮಾಡಿದ ಕಾಗದ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡು ಎಲ್ಲದಕ್ಕೂ ಬೇರೆ ಡಿಸ್ಕಿನಲ್ಲಿ ಪ್ರತಿ ಇರಲಿ. ಪ್ರತಿ ತೆಗೆದಮೇಲೆ ಇನ್ನೊಂದು ಕಂಪ್ಯೂಟರಿನಲ್ಲಿ ನಾಲ್ಕು ಫೈಲು ತೆರೆದು ನೋಡಿ.

ಅಕ್ಕನ ಅಂಗಡಿಯಲ್ಲಿ ನಾವು ಮೊದಲು ಮಾಡಿದ್ದು ಒಂದು ಪಟ್ಟಿ. ಪ್ರಿಂಟರ್ ಯಾವುದು, ಸ್ಕ್ಯಾನರ್ ಯಾವುದು, ಬೆರಳಚ್ಚು ಯಂತ್ರ ಯಾವುದು, ಪ್ರತಿಯೊಂದಕ್ಕೂ 64 ಬಿಟ್ ಡ್ರೈವರ್ ಸಿಗುತ್ತಾ? 64 ಬಿಟ್ ವಿಂಡೋಸ್‌ಗೆ 32 ಬಿಟ್ ಡ್ರೈವರ್ ನಡೆಯಲ್ಲ. ರ‍್ಯಾಮ್ ಸಿಕ್ಕಿತು ಅಂತ ಹಿಗ್ಗಿ, ಮರುದಿನ ಪ್ರಿಂಟರ್ ಮುಷ್ಕರ ಹೂಡಿದರೆ ಅಂಗಡಿಗೆ ನಷ್ಟವೇ. ಡ್ರೈವರ್‌ಗಳೆಲ್ಲ ಪೆನ್‌ಡ್ರೈವಿಗೆ ಇಳಿದಮೇಲೆಯೇ ಹಳೇ ವಿಂಡೋಸ್ ಅಳಿಸಿದ್ದು.

ಸಹಕಾರಿ ಸಂಘ, ಗೊಬ್ಬರದ ಅಂಗಡಿ, ಅಡತ ವ್ಯಾಪಾರದವರು ಇನ್ನೊಂದು ನೋಡಿಕೊಳ್ಳಬೇಕು. ಡಾಸ್ ಕಾಲದ 16 ಬಿಟ್ ಲೆಕ್ಕದ ಪ್ರೋಗ್ರಾಂಗಳು 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ತೆರೆಯೋದೇ ಇಲ್ಲ. ಡಾಸ್‌ಬಾಕ್ಸ್‌ನಂಥ ಪ್ರೋಗ್ರಾಂ ಒಳಗೆ ಓಡಿಸಬಹುದು, ಆದರೆ ಪ್ರಿಂಟ್ ತೆಗೆಯೋದರವರೆಗೂ ಪರೀಕ್ಷೆ ಮಾಡಿ ನೋಡಿದ ಮೇಲೆಯೇ. ಆ ಪ್ರೋಗ್ರಾಂ ಒಳಗೆ ಹತ್ತು ಹದಿನೈದು ವರ್ಷದ ಲೆಕ್ಕ ಇದ್ದರೆ, ಆ ಒಂದು ಕಂಪ್ಯೂಟರನ್ನು ಹಾಗೇ 32 ಬಿಟ್‌ನಲ್ಲಿ ಬಿಡೋದೇ ಜಾಣತನ.

ಲೈಸೆನ್ಸಿನ ಚಿಂತೆ ಬೇಡ. ವಿಂಡೋಸ್ 10ರ ಅದೇ ಆವೃತ್ತಿಯ ಲೈಸೆನ್ಸ್ 32ಕ್ಕೂ 64ಕ್ಕೂ ನಡೆಯುತ್ತೆ.

ಎರಡು ಬೇಡಗಳು. ಒಂದು, 32 ಬಿಟ್ ವಿಂಡೋಸ್‌ನಲ್ಲೇ ಪೂರ್ತಿ ರ‍್ಯಾಮ್ ಕಾಣಿಸ್ತೀವಿ ಅಂತ ಇಂಟರ್‌ನೆಟ್ಟಿನಲ್ಲಿ ಸಿಗೋ ಪ್ಯಾಚ್‌ಗಳು. ಅವು ವಿಂಡೋಸ್‌ನ ಮೂಲ ಕರ್ನಲ್ ಫೈಲನ್ನೇ ತಿದ್ದುತ್ತವೆ. ಯಾರೋ ತಿದ್ದಿದ ಕರ್ನಲ್ ಇರೋ ಕಂಪ್ಯೂಟರಿನಲ್ಲಿ ಊರಿನವರ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ ಟೈಪ್ ಮಾಡೋದು ಬೇಡ. ಎರಡು, ಯುಪಿಎಸ್ ಇಲ್ಲದೆ ಬಯೋಸ್ ಅಪ್‌ಡೇಟ್. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಅರ್ಧಕ್ಕೆ ನಿಂತರೆ ಮದರ್‌ಬೋರ್ಡೇ ಮಲಗಿಬಿಡಬಹುದು.

ಲಿನಕ್ಸ್ ದಾರಿ

ವಿಂಡೋಸ್ 10ರ ಮಾಮೂಲಿ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಹೊಸ ಪ್ರೊಸೆಸರ್ ಬೇಕು. ಕೋರ್ 2 ಡುಯೊಗೆ ಆ ಬಾಗಿಲು ಮುಚ್ಚಿದೆ. ಹಾಗಾಗಿ ನಾವು ಎರಡನ್ನೂ ಇಟ್ಟುಕೊಂಡೆವು. ದಿನದ ಅರ್ಜಿ, ಟೈಪಿಂಗು, ಪ್ರಿಂಟಿಗೆ 64 ಬಿಟ್ ಲಿನಕ್ಸ್ ಮಿಂಟ್. ಬೆರಳಚ್ಚು ಯಂತ್ರಕ್ಕೆ ವಿಂಡೋಸ್ ಡ್ರೈವರ್ ಮಾತ್ರ ಇದ್ದದ್ದರಿಂದ ಆ ಕೆಲಸಕ್ಕಷ್ಟೇ 64 ಬಿಟ್ ವಿಂಡೋಸ್ 10. ಆನ್ ಮಾಡುವಾಗ ಯಾವುದು ಬೇಕೋ ಆರಿಸಿಕೊಳ್ಳಬಹುದು.

ಕನ್ನಡ ಟೈಪಿಂಗ್ ಹೇಗೆ ಅನ್ನೋದು ಅಕ್ಕನ ಮೊದಲ ಪ್ರಶ್ನೆ. ಅವಳ ಬೆರಳು ನುಡಿಗೆ ಒಗ್ಗಿಹೋಗಿವೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿರೋ ಅದೇ ಕಗಪ ಕೀಲಿಮಣೆ ಲಿನಕ್ಸ್‌ನ ಪಟ್ಟಿಯಲ್ಲೇ ಇದೆ. ಆರಿಸಿಕೊಂಡರೆ ಸಾಕು. ನೆನಪಿಡಬೇಕಾದ್ದು ಇಷ್ಟೇ: ಅಲ್ಲಿ ಮೂಡೋದು ಯೂನಿಕೋಡ್ ಅಕ್ಷರ. ಹಳೇ ನುಡಿ ಆಸ್ಕಿ ಫಾಂಟಿನ ಕಡತಗಳನ್ನು ಓದೋಕೆ ಆ ಫಾಂಟ್ ಬೇಕು, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಬೇಕು.

ಪ್ರೊಸೆಸರೇ 32 ಬಿಟ್ ಆಗಿದ್ದರೂ ಲಿನಕ್ಸ್‌ನಲ್ಲಿ ಪಿಎಇ ಕರ್ನಲ್ ಹಾಕಿದರೆ, ಬೋರ್ಡ್ ಒಪ್ಪುವಷ್ಟೂ ರ‍್ಯಾಮ್ ಕಾಣುತ್ತೆ. ಆದರೆ ಆ ದಾರಿ ಕಿರಿದಾಗ್ತಾ ಇದೆ. ಉಬುಂಟು ವರ್ಷಗಳ ಹಿಂದೆಯೇ 32 ಬಿಟ್ ಇನ್‌ಸ್ಟಾಲರ್ ನಿಲ್ಲಿಸಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಕೂಡ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡಲಿಲ್ಲ.

ಎಲ್ಲಿಗೆ ನಿಲ್ಲಿಸಬೇಕು?

ಕೆಲಸ ಮುಗಿದಮೇಲೆ ಅಕ್ಕನ ವಿಂಡೋಸ್ ಹೇಳಿದ್ದು: 8.00 ಜಿಬಿ, ಬಳಸಬಹುದಾದದ್ದು 7.75. ಆ ಕಾಲು ಜಿಬಿ ಬೋರ್ಡಿನೊಳಗಿನ ಗ್ರಾಫಿಕ್ಸ್‌ನ ಪಾಲು, ಅದು ಸಹಜ. ಹತ್ತು ಹದಿನೈದು ಟ್ಯಾಬ್ ತೆರೆದರೂ ಈಗ ಫಾರ್ಮ್ ನಡುವೆ ನಿಲ್ಲಲ್ಲ. ಖರ್ಚಾದದ್ದು ಒಂದು ಭಾನುವಾರ ಮತ್ತು ಎರಡು ಪೆನ್‌ಡ್ರೈವು.

ಹಾಗಂತ ಎಲ್ಲ ಹಳೇ ಯಂತ್ರಕ್ಕೂ ಈ ಶ್ರಮ ಬೇಡ. 2 ಜಿಬಿಯೇ ಇರೋ ಕಂಪ್ಯೂಟರಿಗೆ 64 ಬಿಟ್ ಹಾಕಿದರೆ ಲಾಭಕ್ಕಿಂತ ಭಾರವೇ ಹೆಚ್ಚು. 64 ಬಿಟ್ ವ್ಯವಸ್ಥೆ ತಾನೇ ಹೆಚ್ಚು ಮೆಮೊರಿ ತಿನ್ನುತ್ತೆ. ವಿಂಡೋಸ್ 10 ಕೇಳೋ ಕನಿಷ್ಠವೇ 32 ಬಿಟ್‌ಗೆ 1 ಜಿಬಿ, 64 ಬಿಟ್‌ಗೆ 2 ಜಿಬಿ. 945 ಚಿಪ್‌ಸೆಟ್ ಇದ್ದರೆ ಕಳೆದುಹೋದ ಭಾಗ ಬರಲ್ಲ. ಬೋರ್ಡಿನ ಕೆಪಾಸಿಟರ್ ಉಬ್ಬಿ ನಿಂತಿದ್ದರೆ ರ‍್ಯಾಮಿನ ಮಾತೇ ಬೇಡ.

ಇನ್ನೊಂದು ಪರೀಕ್ಷೆ ಮಾಡಿ. ಕಂಪ್ಯೂಟರ್ ತೆವಳುತ್ತಿರೋ ಹೊತ್ತಿಗೆ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ ತೊಂಬತ್ತು ಶೇಕಡಾ ದಾಟಿದ್ದರೆ ಈ ಲೇಖನ ನಿಮಗೆ. ಮೆಮೊರಿ ಅರ್ಧ ಖಾಲಿ ಇದ್ದೂ ಡಿಸ್ಕ್ ನೂರು ಶೇಕಡಾ ತೋರಿಸಿದರೆ ತಪ್ಪು ಹಳೇ ಹಾರ್ಡ್‌ಡಿಸ್ಕಿನದ್ದು. ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರಕ್ಕೆ ಮತ್ತೆ ಪ್ರಾಯ ಬರುತ್ತೆ.

ಬೆಂಗಳೂರು, ಪುಣೆಯಲ್ಲಿ ಕೆಲಸ ಮಾಡ್ತಾ ಇದನ್ನು ಫೋನಿನಲ್ಲಿ ಓದ್ತಿರೋ ನಿಮ್ಮ ಊರ ಮನೆಯಲ್ಲೂ ಇಂಥದ್ದೊಂದು ಕಂಪ್ಯೂಟರ್ ಇರಬಹುದು, ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿರಬಹುದು. ಹಬ್ಬಕ್ಕೆ ಊರಿಗೆ ಹೋದಾಗ ‘ಹೊಸದು ತಗೊಳ್ಳಿ’ ಅಂತ ಹೇಳುವ ಮೊದಲು ಅದನ್ನು ಆನ್ ಮಾಡಿ, ಡಿಲೀಟ್ ಒತ್ತಿ, ಬಯೋಸ್ ಎಷ್ಟು ಅಂತ ಹೇಳುತ್ತೆ ನೋಡಿ. ವಿಂಡೋಸ್ ಹೇಳೋ ಲೆಕ್ಕಕ್ಕೂ ಅದಕ್ಕೂ ತಾಳೆ ಆಗದಿದ್ದರೆ, ಅಪ್ಪ ಅವ್ವ ದುಡ್ಡು ಕೊಟ್ಟು ತಂದ ಯಾವುದೋ ಒಂದು ವಸ್ತು ಇಷ್ಟು ದಿನ ಸುಮ್ಮನೆ ಕೂತಿದೆ ಅಂತ ಅರ್ಥ. ಅದನ್ನು ಎಬ್ಬಿಸೋಕೆ ರಜೆಯ ಒಂದು ಮಧ್ಯಾಹ್ನ ಸಾಕಾಗಬಹುದು.